ಪಾಳು ಬಿದ್ದ ಸಬ್‌ಸ್ಟೇಷನ್ ಜಾಗಕ್ಕೂ ತೆರಿಗೆ ಹಾಕಿ: ಮುಂಬಯಿ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ಇದರ ಮರಾಠಿ ಪ್ರತಿ ವಾರ್ಡ್ ಕಚೇರಿಯಲ್ಲಿದೆ. ಭಾಂಡೂಪ್, ಮುಲುಂಡ್ ಕಡೆ ತೆರಿಗೆ ಕಟ್ಟುವ ನಮ್ಮವರಿಗೂ ವಿಷಯ ತಿಳಿಯಲೆಂದು ಕನ್ನಡದಲ್ಲೂ ಬರೆಯುತ್ತಿದ್ದೇವೆ.

ಕೇಳುವುದು ಒಂದೇ. ವಿದ್ಯುತ್ ಕಂಪನಿಗಳ ಆವರಣದಲ್ಲಿ ಬಳಕೆ ನಿಂತ ಜಾಗವನ್ನು ಬೇರೆಯಾಗಿ ಅಳೆಯಿರಿ, ಖಾಲಿ ಜಾಗದ ತೆರಿಗೆ ಹಾಕಿ.

ನಿಯಮ ತಮಗೆ ಗೊತ್ತೇ ಇದೆ. 2010ರ ಏಪ್ರಿಲ್‌ನಿಂದ ಇಲ್ಲಿ ಬಂಡವಾಳ ಮೌಲ್ಯದ, ಅಂದರೆ ಆಸ್ತಿಯ ಬೆಲೆಯ ಮೇಲೆ ತೆರಿಗೆ. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಮುಂದೆ ಎಷ್ಟು ಕಟ್ಟಬಹುದೆಂದು ನೋಡಬೇಡಿ, ಜಾಗ ಇಂದು ಇರುವ ಹಾಗೆ ಬೆಲೆ ಕಟ್ಟಿ ಎಂದು. ತೆರಿಗೆಯೇ ಬೇಡ ಎಂದಲ್ಲ. ಸಂವಿಧಾನದ 285ನೇ ವಿಧಿಯ ವಿನಾಯಿತಿ ಕೇಂದ್ರ ಸರ್ಕಾರದ ಸ್ವಂತ ಆಸ್ತಿಗೆ ಮಾತ್ರ, ಕಂಪನಿಗಲ್ಲ.

ಸಬ್‌ಸ್ಟೇಷನ್ನಿನ ಹಳೆಯ ಬಯಲು ಯಾರ್ಡ್‌ಗಳ ಬದಲು ಅನಿಲ ತುಂಬಿದ ಪೆಟ್ಟಿಗೆಯೊಳಗೆ ಸ್ವಿಚ್‌ಗಳಿರುವ ಜಿಐಎಸ್ ಉಪಕರಣ ಬಂದರೆ ಹತ್ತರಲ್ಲಿ ಒಂದೆರಡು ಪಾಲು ಜಾಗ ಸಾಕು. ಉಳಿದದ್ದು ಪಾಳು. ಟ್ರಾನ್ಸ್‌ಫಾರ್ಮರ್ ಎತ್ತಿಕೊಂಡು ಹೋದರೂ ಅದರಡಿಯ ಎಣ್ಣೆಗುಂಡಿ ಹಾಗೇ ಉಳಿಯುತ್ತದೆ. ಎಣ್ಣೆ ನೆಲಕ್ಕೆ ಇಳಿಯದಂತೆ ಕಾಂಕ್ರೀಟ್ ಹಾಕಿ ಮೇಲೆ ಜಲ್ಲಿ ತುಂಬಿದ ಗುಂಡಿ ಅದು. ಎಣ್ಣೆ ಇಂಗದ ಕಡೆ ಮಳೆನೀರೂ ಇಂಗುವುದಿಲ್ಲ. ಜಲ್ಲಿ ಸಂದಿಯ ನೀರಿನಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಹೊಗೆ ಹೊಡೆದರೆ ಹಾರುವ ಸೊಳ್ಳೆ ಸಾಯುತ್ತದೆ, ಮರಿ ಸಾಯುವುದಿಲ್ಲ. ಪಕ್ಕದ ಸೊಸೈಟಿಯ ತಾರಸಿ ಡ್ರಮ್ಮಿನಲ್ಲಿ ಮರಿ ಕಂಡರೆ ತಮ್ಮವರು ನೋಟಿಸ್ ಅಂಟಿಸುತ್ತಾರೆ. ಗೋಡೆಯಾಚೆಯ ಗುಂಡಿಗೆ? ಗೇಟಿಗೆ ಬೀಗ ಇದೆಯೆಂದು ವಾಪಸ್ ಬರುತ್ತಾರೆ. ಇದನ್ನು ಇನ್ನೆಷ್ಟು ಮಳೆಗಾಲ ಸಹಿಸಬೇಕು ಸ್ವಾಮಿ?

ಖಾಲಿ ಕಂಡದ್ದೆಲ್ಲ ಪಾಳಲ್ಲ, ಅದನ್ನೂ ಒಪ್ಪುತ್ತೇವೆ. ಹೈಟೆನ್ಷನ್ ತಂತಿಯ ಕೆಳಗೆ ನಿಯಮದಷ್ಟು ಅಗಲ ಬಿಡಲೇಬೇಕು. ಚಾಲ್ತಿಯ ಟ್ರಾನ್ಸ್‌ಫಾರ್ಮರ್ ಸುತ್ತಲಿನ ಬೆಂಕಿ ಅಂತರ, ಕೇಬಲ್ ಹಾದಿ, ಇವನ್ನು ಕಳೆಯಿರಿ.

ಮೊದಲು ಪ್ರಾಪರ್ಟಿ ಕಾರ್ಡ್‌ನಲ್ಲಿ ಸಿಟಿಎಸ್ (ನಗರ ಸರ್ವೆ) ನಂಬರಿನ ವಿಸ್ತೀರ್ಣ ನೋಡಿ, ತೆರಿಗೆ ಖಾತೆಯ ವಿಸ್ತೀರ್ಣದ ಜೊತೆ ತಾಳೆ ಹಾಕಿ. ಹಲವು ಸಿಟಿಎಸ್ ನಂಬರುಗಳು ಒಂದೇ ಖಾತೆಯಲ್ಲಿದ್ದರೆ ಜಾಗ ನುಣುಚಿಕೊಳ್ಳುವುದು ಅಲ್ಲೇ. ಆಮೇಲೆ ಯಾರ್ಡಿನ ಲೇಔಟ್ ತರಿಸಿ, ವಿದ್ಯುತ್ ಹರಿಯುತ್ತಿರುವ ‘ಬೇ’ಗಳನ್ನು (ಒಂದೊಂದು ಲೈನಿನ ಅಥವಾ ಟ್ರಾನ್ಸ್‌ಫಾರ್ಮರಿನ ಉಪಕರಣ ನಿಂತ ಅಂಕಣ) ಸ್ಥಳದಲ್ಲೇ ಗುರುತು ಹಾಕಿ. ಸುರಕ್ಷತಾ ಅಂತರ ಕಳೆದು ಮಿಕ್ಕ ಚದರ ಮೀಟರಿಗೆ ತೆರಿಗೆ ಹಾಕಿ.

ಗ್ರಾಹಕರ ಬಿಲ್ ಏರುತ್ತದೆಂದು ಕಂಪನಿ ಹೆದರಿಸಬಹುದು. ಬಳಸದ ಜಾಗದ ತೆರಿಗೆಯನ್ನು ದರದಲ್ಲಿ ಸೇರಿಸಬೇಡಿ ಎಂದು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಪಾಲಿಕೆಯೇ ಬರೆಯಬೇಕು.

ತೆರಿಗೆ ಕಟ್ಟಲು ನಾವು ತಡ ಮಾಡಿದರೆ ತಿಂಗಳಿಗೆ ಶೇ 2 ದಂಡ ವಸೂಲಿ ಮಾಡುತ್ತೀರಿ. ಕಂಪನಿಗಳ ಪಾಳು ಜಾಗವನ್ನೂ ಅಳೆಯಿರಿ, ತೆರಿಗೆ ಹಾಕಿ. ಮುಂದಿನ ಬಿಲ್ ಹೊರಡುವ ಮೊದಲು ವಾರ್ಡ್‌ವಾರು ಪಟ್ಟಿ ಪ್ರಕಟಿಸಿ.

ಇಂತಿ,
ಮುಂಬಯಿಯ ಕನ್ನಡಿಗ ತೆರಿಗೆದಾರರು