ಚುನಾವಣೆಗೆ ನಿಲ್ಲುವ ಮುಂಚೆ ಈ ಸಿನಿಮಾ ನೋಡು, ದೋಸ್ತ

ನವನಗರ, ಬಾಗಲಕೋಟೆ

ಪ್ರೀತಿಯ ದೋಸ್ತ,

ಈ ಸಲ ಪಂಚಾಯಿತಿ ಚುನಾವಣೆಗೆ ನಿಲ್ಲು ಅಂತ ಓಣಿಯವರೆಲ್ಲ ನಿನ್ನ ಬೆನ್ನು ಹತ್ತಿದ್ದಾರೆ, ಏನು ಮಾಡಲಿ ಹೇಳು ಎಂದು ಕೇಳಿದ್ದೀಯ. ಒಂದು ವಾರ್ಡಿನ ಓಟಿನ ಲೆಕ್ಕವೂ ನನಗೆ ಬರುವುದಿಲ್ಲ. ನನಗೆ ಗೊತ್ತಿರುವುದು ಹಳೇ ಸಿನಿಮಾ ಒಂದೇ. ಹಾಗಾಗಿ ಅದನ್ನೇ ಬರೆಯುತ್ತೇನೆ. ನಿನ್ನಂತೆ ಯೋಚಿಸುತ್ತಿರುವವರು ಇನ್ನೂ ಇದ್ದಾರು, ಅವರೂ ಓದಲಿ ಅಂತ ಎಲ್ಲರೆದುರು ಹಾಕುತ್ತಿದ್ದೇನೆ. ಸಿಟ್ಟಾಗಬೇಡ.

ಮೊದಲು ನಿನ್ನ ಮೆಚ್ಚಿನ ‘ಬಂಗಾರದ ಮನುಷ್ಯ’ದ ಮೇಲೆ ನನ್ನದೊಂದು ತಕರಾರಿದೆ. 1972ರ ಆ ಚಿತ್ರ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ವಾಪಸ್ ಹೋದವರಿದ್ದಾರೆ ಅನ್ನುತ್ತಾರೆ. ಅದರ ನಾಯಕ ರಾಜೀವನ ದುಡಿಮೆಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಊರಿನ ಮುಂದಾಳಾಗುವವನಿಗೆ ಅದರ ಕೊನೆ ಹೊಂದುವುದಿಲ್ಲ. ತಾನೇ ಸಾಕಿದ ಅಕ್ಕನ ಮಗ ಚುಚ್ಚಿ ಮಾತಾಡಿದ, ರಾಜೀವ ಎಲ್ಲ ಬಿಟ್ಟು ನಡೆದುಬಿಟ್ಟ. ನೋಡಿದವರೆಲ್ಲ ಅತ್ತೆವು. ನೀನು ಆರಿಸಿ ಬಂದರೆ ಅಂಥ ಮಾತು ವಾರಕ್ಕೊಮ್ಮೆ ಕೇಳಬೇಕಾಗುತ್ತದೆ. ‘ಎಷ್ಟು ತಿಂದಿ?’ ಅಂತ ಕೇಳುವವನು ನಿನ್ನ ಸ್ವಂತ ಕಾಕಾನೇ ಇರಬಹುದು. ಆಗ ಮುನಿಸಿಕೊಂಡು ಹೊರಟರೆ ನಡೆಯುತ್ತದಾ? ಕೂತು ಲೆಕ್ಕ ತೋರಿಸಬೇಕು. ರಾಜಕುಮಾರ್ ಅಭಿಮಾನಿಗಳು ಬೈಯಲಿ, ನಾನೂ ಅವರಲ್ಲಿ ಒಬ್ಬನೇ.

ಇತ್ತೀಚೆಗೆ ರಾಜರ ಸಿನಿಮಾ ನೋಡುವಾಗ ನನ್ನ ಕಣ್ಣು ಸಿಂಹಾಸನ ಬಿಟ್ಟು ಅದರ ಪಕ್ಕಕ್ಕೆ ಹೋಗುತ್ತದೆ. ಅಲ್ಲಿ ಯಾರು ನಿಂತಿದ್ದಾರೆ? ‘ಇದು ಬ್ಯಾಡ’ ಅನ್ನುವ ಧೈರ್ಯ ಅವರಲ್ಲಿ ಯಾರಿಗಿದೆ? ಹಾಗಂದವನ ಗತಿ ಏನಾಯಿತು? ಇದಿಷ್ಟು ನೋಡಿದರೆ ಸಾಕು, ರಾಜ ಎಂಥವನು ಅಂತ ಗೊತ್ತಾಗುತ್ತದೆ.

1970ರ ‘ಶ್ರೀ ಕೃಷ್ಣದೇವರಾಯ’ ನೆನಪಿದೆಯಲ್ಲ? ಬಿ.ಆರ್. ಪಂತುಲು ಅವರೇ ನಿರ್ದೇಶಿಸಿ, ಮಂತ್ರಿ ತಿಮ್ಮರುಸುವಿನ ಪಾತ್ರವನ್ನೂ ತಾವೇ ಮಾಡಿದರು. ರಾಯನಾಗಿ ರಾಜಕುಮಾರ್ ಎದುರಿಗಿದ್ದರೂ ನನ್ನ ಮನಸ್ಸು ಆ ಮುದುಕ ಮಂತ್ರಿಯ ಕಡೆಗೇ ವಾಲುತ್ತದೆ. ರಾಯ ಅವನನ್ನು ‘ಅಪ್ಪಾಜಿ’ ಅನ್ನುತ್ತಿದ್ದನಂತೆ. ಅಂಥ ಅಪ್ಪಾಜಿಯ ಕಣ್ಣು ಕೀಳಿಸಿದ್ದೂ ಅದೇ ರಾಯನೇ. ರಾಯನ ಮಗನಿಗೆ ವಿಷ ಹಾಕಿಸಿದನೆಂಬ ಗುಮಾನಿ ಸಾಕಾಯಿತು. ಇದು ಬರೀ ಕಟ್ಟುಕಥೆಯಲ್ಲ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಅಷ್ಟು ದೊಡ್ಡ ರಾಯ, ಅಷ್ಟು ಯುದ್ಧ ಗೆದ್ದವನು, ಮನೆಯೊಳಗೆ ಎದ್ದ ಒಂದು ಅನುಮಾನದ ಎದುರು ಸೋತ. ಈಗ ಕಣ್ಣು ಕೀಳುವ ಶಿಕ್ಷೆ ಇಲ್ಲ. ಸಭೆಗೆ ಕರೆಯುವುದು ಬಿಡುತ್ತಾರೆ, ವಾಟ್ಸಾಪ್ ಗುಂಪಿನಿಂದ ತೆಗೆಯುತ್ತಾರೆ, ಫ್ಲೆಕ್ಸಿನಲ್ಲಿ ಫೋಟೋ ಚಿಕ್ಕದಾಗುತ್ತದೆ.

ಇನ್ನು ನಮ್ಮದೇ ನೆಲದ ಕಥೆಗೆ ಬರೋಣ. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣ ಹೊನ್ನಪ್ಪ ಭಾಗವತರ್, ಬಿಜ್ಜಳ ರಾಜಕುಮಾರ್. ಒಂದು ಕಡೆ ಬಾಗೇವಾಡಿ, ಒಂದು ಕಡೆ ಕೂಡಲಸಂಗಮ, ನಡುವೆ ನಾವು. ಬಸವಣ್ಣನ ಹೆಸರು ಹೇಳದೆ ಈ ಕಡೆ ಯಾರ ಭಾಷಣವೂ ಶುರುವಾಗುವುದಿಲ್ಲ. ಮೈಕ್ ಹಿಡಿದ ಪ್ರತಿಯೊಬ್ಬನೂ ತಾನು ಬಸವಣ್ಣನ ದಾರಿಯವನು ಅನ್ನುತ್ತಾನೆ. ಆದರೆ ಕುರ್ಚಿ ಸಿಕ್ಕ ಮೇಲೆ ಅವನು ಕೂತಿರುವುದು ಬಿಜ್ಜಳನ ಜಾಗದಲ್ಲಿ. ಇದನ್ನು ಯಾವ ಭಾಷಣದಲ್ಲೂ ಕೇಳಲಿಲ್ಲ ನಾನು.

ಬಿಜ್ಜಳ ದಡ್ಡನಲ್ಲ, ನೋಡು. ಬಸವಣ್ಣನ ಯೋಗ್ಯತೆ ಗುರುತಿಸಿ ಭಂಡಾರದ ಕೀಲಿ ಕೊಟ್ಟವನು ಅವನೇ. ಮುಂದೆ ಏನಾಯಿತು? ಶರಣರ ಕಥೆಯಲ್ಲಿ ಕೊಂಡಿ ಮಂಚಣ್ಣ ಬರುತ್ತಾನೆ. ಚಾಡಿ ಹೇಳುವುದೇ ಅವನ ಕೆಲಸ. ಬಸವಣ್ಣ ಭಂಡಾರದ ಹಣ ಜಂಗಮರಿಗೆ ಹಂಚುತ್ತಾನೆ ಅಂದ. ರಾಜ ಒಂದು ಸಲ ಕೇಳಿದ, ಎರಡು ಸಲ ಕೇಳಿದ, ಆಮೇಲೆ ಅದೇ ಅಭ್ಯಾಸವಾಯಿತು. ಕೊನೆಗೆ ಶರಣರಾದ ಹರಳಯ್ಯ, ಮಧುವರಸರಿಗೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆ, ಕಲ್ಯಾಣದಲ್ಲಿ ಕ್ರಾಂತಿ, ಬಿಜ್ಜಳನ ಕೊಲೆ. ಮುಂಜಾನೆ ಚಹಾದ ಹೊತ್ತಿಗೆ ನಿನ್ನ ಮನೆಗೆ ಬಂದು ‘ಅವನು ನಿನ್ನ ಬಗ್ಗೆ ಹಿಂಗಂದ’ ಅಂತ ಶುರು ಮಾಡುವ ಇಬ್ಬರು ಈಗಾಗಲೇ ಇದ್ದಾರೆ. ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆರಿಸಿ ಬಂದರೆ ಅವರ ಸಂಖ್ಯೆ ಜಾಸ್ತಿಯಾಗುತ್ತದೆ.

ಹೊಗಳುಭಟರ ವಿಷಯಕ್ಕೆ ಸತ್ಯಜಿತ್ ರಾಯ್ ಅವರ ‘ಹೀರಕ್ ರಾಜಾರ್ ದೇಶೆ’ ನೋಡಬೇಕು. 1980ರದು. ಮಕ್ಕಳ ಸಿನಿಮಾ ಅನ್ನುತ್ತಾರೆ, ಆದರೆ ತುರ್ತುಪರಿಸ್ಥಿತಿಯ ನೆರಳು ಅದರಲ್ಲಿದೆ ಅಂತ ನೋಡಿದವರಿಗೆಲ್ಲ ಅನಿಸಿದೆ. ವಜ್ರದ ಗಣಿಗಳ ರಾಜ. ಅವನು ಏನೇ ಅಂದರೂ ಮಂತ್ರಿಗಳು ಒಂದೇ ಸ್ವರದಲ್ಲಿ ‘ಠೀಕ್, ಠೀಕ್’ ಅನ್ನುತ್ತಾರೆ. ಶಾಲೆ ಮುಚ್ಚಿಸುತ್ತಾನೆ, ಪುಸ್ತಕ ಸುಡಿಸುತ್ತಾನೆ, ಎದುರಾಡುವ ರೈತ, ಗಣಿ ಕೆಲಸಗಾರರನ್ನು ಯಂತ್ರದ ಕೋಣೆಗೆ ಹಾಕಿ ರಾಜಭಕ್ತಿಯ ಪ್ರಾಸ ಬಾಯಿಪಾಠ ಮಾಡಿಸುತ್ತಾನೆ. ಊರ ನಡುವೆ ತನ್ನದೇ ದೊಡ್ಡ ಮೂರ್ತಿ ನಿಲ್ಲಿಸುತ್ತಾನೆ. ಕೊನೆಗೆ ಅದೇ ಯಂತ್ರದೊಳಗೆ ರಾಜನೇ ಬೀಳುತ್ತಾನೆ. ಜನ ಮೂರ್ತಿಗೆ ಹಗ್ಗ ಕಟ್ಟಿ ಎಳೆಯುವಾಗ ತಾನೂ ಓಡಿಬಂದು ಹಗ್ಗಕ್ಕೆ ಕೈ ಹಾಕುತ್ತಾನೆ! ಉತ್ಪಲ್ ದತ್ ಆ ರಾಜನಾಗಿ ಮಾಡಿದ್ದನ್ನು ನೋಡಿ ನಕ್ಕು ನಕ್ಕು ಸಾಕಾಗುತ್ತದೆ. ನಗು ನಿಂತ ಮೇಲೆ ನಮ್ಮ ಬಸ್ ಸ್ಟ್ಯಾಂಡ್ ಸುತ್ತಲಿನ ಹುಟ್ಟುಹಬ್ಬದ ಬ್ಯಾನರುಗಳು ಕಣ್ಣಿಗೆ ಬರುತ್ತವೆ.

ಇಷ್ಟೆಲ್ಲ ಹೇಳಿದರೂ, ಒಂದೇ ಸಿನಿಮಾ ನೋಡುತ್ತೇನೆ ಅಂದರೆ ಕುರೋಸಾವಾನ ‘ಇಕಿರು’ ನೋಡು ಅನ್ನುತ್ತೇನೆ. 1952ರ ಜಪಾನಿ ಚಿತ್ರ. ಅದರಲ್ಲಿ ರಾಜನೂ ಇಲ್ಲ, ಯುದ್ಧವೂ ಇಲ್ಲ. ನಗರಸಭೆಯ ಕಚೇರಿ, ಫೈಲು, ಠಸ್ಸೆ. ವತಾನಾಬೆ ಅಂತ ಒಬ್ಬ ವಿಭಾಗದ ಮುಖ್ಯಸ್ಥ, ಮೂವತ್ತು ವರ್ಷ ಠಸ್ಸೆ ಹೊಡೆದುಕೊಂಡೇ ಬಂದವನು. ಕೊಳಚೆ ನಿಂತ ಜಾಗ ಸರಿ ಮಾಡಿಸಿ ಮಕ್ಕಳಿಗೊಂದು ಉದ್ಯಾನ ಮಾಡಿಕೊಡಿ ಅಂತ ಕೆಲವು ಹೆಂಗಸರು ಬರುತ್ತಾರೆ. ಈ ಟೇಬಲ್ಲಿನವನು ಆ ಟೇಬಲ್ಲಿಗೆ ಕಳಿಸುತ್ತಾನೆ, ಆ ಟೇಬಲ್ಲಿನವನು ಇನ್ನೊಂದಕ್ಕೆ. ಸುತ್ತಿ ಸುತ್ತಿ ಮೊದಲು ಬಂದ ಜಾಗಕ್ಕೇ ಬರುತ್ತಾರೆ. ಜಪಾನಾ, ನಮ್ಮ ತಾಲೂಕು ಕಚೇರಿಯಾ ಅಂತ ಅನುಮಾನ ಬರುತ್ತದೆ.

ತನಗೆ ಹೊಟ್ಟೆಯ ಕ್ಯಾನ್ಸರ್, ಬದುಕು ಇನ್ನು ಕೆಲವೇ ತಿಂಗಳು ಅಂತ ಗೊತ್ತಾದ ಮೇಲೆ ವತಾನಾಬೆ ಆ ಒಂದು ಫೈಲಿನ ಬೆನ್ನು ಬೀಳುತ್ತಾನೆ. ಮೇಲಧಿಕಾರಿ ಬೈದರೂ ತಲೆ ಬಾಗಿಸಿ ಅಲ್ಲೇ ನಿಲ್ಲುತ್ತಾನೆ. ಗೂಂಡಾಗಳು ಹೆದರಿಸಿದರೂ ಸುಮ್ಮನೆ ನಗುತ್ತಾನೆ. ಉದ್ಯಾನ ಆಗುತ್ತದೆ, ಅವನು ಸಾಯುತ್ತಾನೆ. ನಿಜವಾದ ಸಿನಿಮಾ ಇರುವುದು ಆಮೇಲೆ. ಸತ್ತವನ ಮನೆಯಲ್ಲಿ ಎಲ್ಲರೂ ಸೇರಿದ್ದಾರೆ. ಉದ್ಯಾನದ ಶ್ರೇಯಸ್ಸೆಲ್ಲ ಆಗ ಅಡ್ಡಗಾಲು ಹಾಕಿದ್ದ ಉಪಮೇಯರ್‌ಗೆ ಸೇರಿದೆ, ಅಧಿಕಾರಿಗಳು ಹೌದು ಹೌದು ಅನ್ನುತ್ತಾರೆ. ಅಷ್ಟರಲ್ಲಿ ಆ ಹೆಂಗಸರು ಒಳಗೆ ಬಂದು ಫೋಟೋದ ಮುಂದೆ ಕೂತು ಅಳುತ್ತಾರೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಉಪಮೇಯರ್ ಹೆಚ್ಚು ಹೊತ್ತು ಕೂರಲಾಗದೆ ಎದ್ದು ಹೋಗುತ್ತಾನೆ. ಉಳಿದವರು ಕುಡಿದು, ಅತ್ತು, ನಾಳೆಯಿಂದ ನಾವೂ ಅವನಂತೆ ದುಡಿಯುತ್ತೇವೆ ಅಂತ ಆಣೆ ಮಾಡುತ್ತಾರೆ. ಮರುದಿನ ಕಚೇರಿಯಲ್ಲಿ ಮತ್ತೆ ಅದೇ, ಆ ಟೇಬಲ್ಲಿಗೆ ಹೋಗಿ. ಒಬ್ಬ ಮಾತ್ರ ತಡೆಯಲಾರದೆ ಎದ್ದು ನಿಲ್ಲುತ್ತಾನೆ. ಎಲ್ಲರೂ ಅವನನ್ನೇ ನೋಡುತ್ತಾರೆ. ಅವನು ಮೆಲ್ಲಗೆ ಫೈಲುಗಳ ಹಿಂದೆ ಕೂರುತ್ತಾನೆ. ಆ ಎದ್ದು ಕೂತವನನ್ನು ನಿನ್ನ ಪಂಚಾಯಿತಿಯಲ್ಲಿ ಹುಡುಕು. ಪ್ರತಿ ಕಚೇರಿಯಲ್ಲೂ ಅಂಥವನು ಇರುತ್ತಾನೆ. ಅವನು ಮತ್ತೆ ಎದ್ದು ನಿಲ್ಲುವಂತೆ ಮಾಡಿದರೆ ನೀನು ಗೆದ್ದಂತೆ.

ಕನ್ನಡದಲ್ಲೇ ಬೇಕು ಅಂದರೆ ಎಂ.ಎಸ್. ಸತ್ಯು ಅವರ ‘ಬರ’ ಇದೆ. ಅನಂತಮೂರ್ತಿಯವರ ಕಥೆ, ಅನಂತ್ ನಾಗ್ ಜಿಲ್ಲಾಧಿಕಾರಿ. ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸಿ ಅಂದರೆ ಅದೂ ರಾಜಕೀಯದ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ವಿಜಯಪುರ, ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿಗಳನ್ನು ಬಿಟ್ಟು ನವನಗರಕ್ಕೆ ಬಂದವರು ನಾವು. ಅಣೆಕಟ್ಟಿನ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಎತ್ತರ ಅನ್ನುವ ಅಂಕಿ ಇಲ್ಲಿ ಚಹಾದಂಗಡಿಯಲ್ಲೂ ಬಾಯಿಪಾಠ. ನಮ್ಮ ಮನೆ, ಹೊಲದ ತೀರ್ಮಾನ ಎಷ್ಟು ದೂರದ ಮೇಜಿನ ಮೇಲೆ ಆಗುತ್ತದೆ ಅಂತ ನೋಡಿದವರು ನಾವು.

ನಿನ್ನ ಮೇಜು ಹತ್ತಿರದ್ದು, ಅದೇ ನಿನ್ನ ಪುಣ್ಯ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಹೈಕಮಾಂಡ್ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಸಲೇಬೇಕು. ರಿಜಿಸ್ಟರಿನಲ್ಲಿ ಸಹಿ ತುಂಬಿಸಿ ಮುಗಿಸುವ ಸಭೆ ಬೇಡ, ನಾಲ್ಕು ಜನ ಎದ್ದು ನಿನ್ನನ್ನು ಬೈಯುವ ಸಭೆ ಮಾಡು.

ನಿಲ್ಲು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಆರಿಸಿ ಬಂದ ಮೇಲೆ ನಿನ್ನ ಎದುರು ನಿಂತು ‘ತಪ್ಪು ಮಾಡಿದಿ’ ಅನ್ನುವವರ ಒಂದು ಹೆಸರು ಮೊದಲು ಬರೆದು ಕಳಿಸು. ನನ್ನ ಹೆಸರು ಬರೆಯಬೇಡ, ನಾನು ದೂರದಲ್ಲಿದ್ದು ಫೋನಿನಲ್ಲಿ ಬೈದರೆ ನೀನು ಕಟ್ ಮಾಡುತ್ತೀ. ನಿನ್ನ ಹೆಂಡತಿ, ನಮ್ಮ ವೈನಿಯ ಹೆಸರು ಬರೆದರೆ ಒಪ್ಪುತ್ತೇನೆ, ಆದರೆ ಅವರನ್ನು ಕೇಳಿ ಬರಿ.

ನಿನ್ನ ಹಳೇ ದೋಸ್ತ