ಬೀದಿದೀಪದ ಕಂಬಕ್ಕೆ ಕೂರಿಸಿ ಬಿಟ್ಟುಹೋದ ಸ್ಮಾಲ್ ಸೆಲ್ ಪೆಟ್ಟಿಗೆ ಕುರಿತು ದೂರು

ಇವರಿಗೆ,
ಮೇಲ್ಮನವಿ ಪ್ರಾಧಿಕಾರದ ಅಧಿಕಾರಿಗಳು,
ಮೊಬೈಲ್ ಸೇವಾ ಸಂಸ್ಥೆ, ಬೆಂಗಳೂರು

ವಿಷಯ: ಐದು ತಿಂಗಳಿಂದ ಚಾಲನೆಗೊಳ್ಳದ ಸ್ಮಾಲ್ ಸೆಲ್ ಹಾಗೂ ಮುಚ್ಚದೆ ಬಿಟ್ಟ ಫುಟ್‌ಪಾತ್ ಗುಂಡಿ

ಮಾನ್ಯರೇ,

ಮಲ್ಲೇಶ್ವರದ ನಮ್ಮ ಅಡ್ಡರಸ್ತೆಯಲ್ಲಿ, ಮನೆಯ ಗೇಟಿನ ಎದುರಿನ ಬೀದಿದೀಪದ ಕಂಬಕ್ಕೆ, ತಮ್ಮ ಗುತ್ತಿಗೆದಾರರು ಮಾರ್ಚ್ ತಿಂಗಳಲ್ಲಿ ಸ್ಮಾಲ್ ಸೆಲ್ (ಹತ್ತಿರದ ಮನೆಗಳಿಗೆ ಮೊಬೈಲ್ ಸಿಗ್ನಲ್ ಕೊಡುವ ಚಿಕ್ಕ ಸಾಧನ) ಪೆಟ್ಟಿಗೆಯೊಂದನ್ನು ಕೂರಿಸಿ ಹೋದರು. ಅಂದು ರಸ್ತೆಯವರು ಯಾರೂ ಅಡ್ಡಿಪಡಿಸಲಿಲ್ಲ. ಕೆಲಸದ ಹುಡುಗರಿಗೆ ಕಾಫಿ ಕೊಟ್ಟು ಕಳಿಸಿದೆವು. ಸಿಗ್ನಲ್ ಇಲ್ಲದ ಕಷ್ಟ ನಮಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಆದರೆ ಆ ಪೆಟ್ಟಿಗೆ ಇಂದಿಗೂ ಚಾಲೂ ಆಗಿಲ್ಲ.

ದೊಡ್ಡ ಮರಗಳೂ ಒತ್ತೊತ್ತಾದ ಮನೆಗಳೂ ಇರುವ ಈ ರಸ್ತೆಯಲ್ಲಿ, 5ಜಿಗೆ ಬಳಸುವ 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳು ಮುಖ್ಯರಸ್ತೆಯ ಟವರಿನಿಂದ ಹೊರಟು ಎಲೆ, ಗೋಡೆಗಳನ್ನು ದಾಟುವಷ್ಟರಲ್ಲಿ ಕ್ಷೀಣಿಸಿಬಿಡುತ್ತವೆ. ಆ ಕೊರತೆ ನೀಗಿಸಲೆಂದೇ ಸ್ಮಾಲ್ ಸೆಲ್ ಇರುವುದು. ವಯಸ್ಸಾದ ನನ್ನ ತಾಯಿಗೆ ಬ್ಯಾಂಕಿನ ಒಟಿಪಿ ಬರಬೇಕಾದರೆ ನಾನು ಅವರ ಫೋನ್ ಹಿಡಿದು ತಾರಸಿ ಹತ್ತಬೇಕು. ಇಳಿದು ಬಂದು ನಮೂದಿಸುವಷ್ಟರಲ್ಲಿ ಎಷ್ಟೋ ಸಲ ಅದರ ಅವಧಿ ಮುಗಿದಿರುತ್ತದೆ.

ಜೂನ್‌ನಲ್ಲಿ ದೂರು ಕೊಟ್ಟು ಡಾಕೆಟ್ ಸಂಖ್ಯೆ ಪಡೆದೆ. ಮೂರನೆಯ ದಿನ "ನಿಮ್ಮ ದೂರನ್ನು ಬಗೆಹರಿಸಲಾಗಿದೆ" ಎಂಬ ಸಂದೇಶ ಬಂತು. ಯಾರೂ ಸ್ಥಳಕ್ಕೆ ಬಂದಿರಲಿಲ್ಲ. ಈ ಮೇಲ್ಮನವಿ ಸಲ್ಲಿಸಲು ಅದೇ ಕಾರಣ.

ಇದಕ್ಕಿಂತ ಚಿಂತೆ ಫುಟ್‌ಪಾತಿನದು. ಕೇಬಲಿಗಾಗಿ ಎಬ್ಬಿಸಿದ ಎರಡು ಕಲ್ಲುಚಪ್ಪಡಿಗಳಲ್ಲಿ ಒಂದು ಸೊಟ್ಟಗೆ ಕೂತು ಕಾಲಿಟ್ಟರೆ ಅಲುಗಾಡುತ್ತದೆ; ಇನ್ನೊಂದು ಕಾಂಪೌಂಡಿಗೆ ಒರಗಿಕೊಂಡೇ ಇದೆ. ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಕಪ್ಪು ಕೇಬಲಿನ ಸುರುಳಿ ಕಂಬಕ್ಕೆ ಜೋತುಬಿದ್ದಿದೆ. ಮಳೆ ಬಂದರೆ ಗುಂಡಿ ಕಾಣುವುದಿಲ್ಲವಾದ್ದರಿಂದ ನಾವೇ ಅದರಲ್ಲಿ ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೇವೆ. ಕಳೆದ ವಾರ ಹಾಲು ತರಲು ಹೋದ ನೆರೆಮನೆಯ ಹಿರಿಯರೊಬ್ಬರು ಅಲ್ಲೇ ಎಡವಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು.

2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಬೀದಿಕಂಬಗಳಲ್ಲಿ ಸ್ಮಾಲ್ ಸೆಲ್ ಅಳವಡಿಸುವ ಪ್ರಯೋಗ ನಡೆಸಿದಾಗ ನಮ್ಮ ಮೆಟ್ರೊ ಕೂಡ ಅದಕ್ಕೆ ಆಯ್ಕೆಯಾಗಿತ್ತು. ಈ ಊರಿಗೆ ಇದು ಹೊಸ ವಿಷಯವಲ್ಲ. 2025ರ ಜನವರಿ 1ರಿಂದ ಜಾರಿಯಲ್ಲಿರುವ ದೂರಸಂಪರ್ಕ ಮಾರ್ಗ ಹಕ್ಕು ನಿಯಮಗಳು ಕಂಬ ಬಳಸುವ ದಾರಿಯನ್ನು ತಮಗೆ ಸುಗಮಗೊಳಿಸಿವೆ. ಅಗೆದ ಜಾಗವನ್ನು ಮೊದಲಿನಂತೆ ಮಾಡಿಕೊಡುವ ಹೊಣೆಯನ್ನೂ ಹೊರಿಸಿವೆ. ಮೊದಲನೆಯದನ್ನು ಬಳಸಿಕೊಂಡವರು ಎರಡನೆಯದನ್ನು ಮರೆಯಬಾರದು.

ಕೆಲವು ನೆರೆಯವರಿಗೆ ವಿಕಿರಣದ ಭಯವಿದೆ. ಇಂತಹ ಪೆಟ್ಟಿಗೆಯ ಶಕ್ತಿ ದೊಡ್ಡ ಟವರಿನದಕ್ಕಿಂತ ಬಹಳ ಕಡಿಮೆ ಎಂದು ನಾನು ಹೇಳಿದೆ. ಆದರೆ ಹೆಸರಾಗಲಿ ದೂರವಾಣಿ ಸಂಖ್ಯೆಯಾಗಲಿ ಇಲ್ಲದ ಪೆಟ್ಟಿಗೆಯ ಪರವಾಗಿ ನನ್ನ ಮಾತನ್ನು ಅವರು ನಂಬುವುದಾದರೂ ಹೇಗೆ?

ಆದ್ದರಿಂದ ಒಂದು ವಾರದೊಳಗೆ ಗುಂಡಿ ಮುಚ್ಚಿ ಚಪ್ಪಡಿ ಕೂರಿಸಿ, ಕೇಬಲನ್ನು ಭದ್ರಪಡಿಸಬೇಕು. ಪೆಟ್ಟಿಗೆಯ ಮೇಲೆ ಸಂಸ್ಥೆಯ ಹೆಸರು ಮತ್ತು ಸಂಪರ್ಕ ಸಂಖ್ಯೆ ಬರೆಸಬೇಕು. ಸೆಲ್ ಯಾವ ದಿನ ಚಾಲನೆಗೊಳ್ಳುತ್ತದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಗುಂಡಿಯ ಮತ್ತು ಕೇಬಲಿನ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಮಲ್ಲೇಶ್ವರದ ಗ್ರಾಹಕ