ಶನಿವಾರದ ಹಳೆಯ ಆಟಗಳ ಕೂಟ: ಹಾಟ್‌ಸ್ಪಾಟ್ ಕುರಿತು ಸೂಚನೆ

ಅಮೆರಿಕದ ನಮ್ಮ ಬಳಗದ ಸದಸ್ಯರೆಲ್ಲರಿಗೂ ನಮಸ್ಕಾರ.

ಶನಿವಾರ ಮಧ್ಯಾಹ್ನ 3 ಗಂಟೆಗೆ ನಾವು ಸೇರುವ ಸಭಾಂಗಣದಲ್ಲಿ ವೈಫೈ ಇಲ್ಲವಾದ್ದರಿಂದ, ಫೋನಿನ ಹಾಟ್‌ಸ್ಪಾಟ್ ಬಳಸಲಿರುವವರು ತಮ್ಮ ಪ್ಲಾನಿನಲ್ಲಿ ಅದಕ್ಕೆ ಪ್ರತ್ಯೇಕ ಡೇಟಾ ಮಿತಿ ಇದೆಯೇ ಎಂದು ದಯವಿಟ್ಟು ಮೊದಲೇ ನೋಡಿಕೊಳ್ಳಿ. ಟೆದರಿಂಗ್ ಆ್ಯಪ್‌ಗಳನ್ನು (ಫೋನಿನ ಇಂಟರ್ನೆಟ್ಟನ್ನು ಬೇರೆ ಸಾಧನಗಳಿಗೆ ಹಂಚುವ ಆ್ಯಪ್‌ಗಳು) ತಡೆದ ವಿಷಯದಲ್ಲಿ ಮೊಬೈಲ್ ಕಂಪನಿ ವೆರಿಝಾನ್ 2012ರಲ್ಲಿ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯೊಂದಿಗೆ 12.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿದ್ದರೂ, ಇಂತಹ ಮಿತಿಗಳು ಅನೇಕ ಪ್ಲಾನುಗಳಲ್ಲಿ ಇಂದಿಗೂ ಉಳಿದಿವೆ. ನಾವು ಹಣ ಕೊಟ್ಟ ಡೇಟಾವನ್ನು ಯಾವ ಸಾಧನದಲ್ಲಿ ಬಳಸಬೇಕೆಂದು ಕಂಪನಿ ನಿರ್ಧರಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಆಪಲ್ 2024ರ ಏಪ್ರಿಲ್‌ನಿಂದ ಹಳೆಯ ಆಟಗಳ ಎಮ್ಯುಲೇಟರ್‌ಗಳಿಗೆ (ಹಳೆಯ ಗೇಮ್ ಯಂತ್ರಗಳ ಆಟಗಳನ್ನು ಫೋನಿನಲ್ಲಿ ನಡೆಸುವ ಆ್ಯಪ್‌ಗಳು) ಅನುಮತಿ ನೀಡಿರುವುದರಿಂದ ಐಫೋನ್ ಇರುವವರೂ ಆಡಬಹುದು. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವಾದ ನಿಂಟೆಂಡೊ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮಾರಾಟ ನಿಲ್ಲಿಸಿದೆ; ಹಿಂದೆ ಖರೀದಿಸಿದ್ದ ಆಟಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ.

ಯಾರು ಯಾವ ಸಾಧನ ತರುವಿರಿ, ಯಾರ ಹಾಟ್‌ಸ್ಪಾಟ್ ಲಭ್ಯವಿದೆ ಎಂಬುದನ್ನು ಗುರುವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.